ಹಂಸದ ದಡಿ

ಬಿಳಿಯದೇನೋ ಇದೆ ಮೂಲೆಯಲ್ಲಿ, ತಲೆಯಿಂದ ಕಾಲಿನವರೆಗೆ ಮುಸುಕೆಳೆದುಕೊಂಡು ಯಾರೋ ಕುಕ್ಕರಗಾಲಲ್ಲಿ ಕೂತ ಹಾಗೆ, ಪದ್ಮಶ್ರೀ ಹೊಸ್ತಿಲಲ್ಲೇ ನಿಂತಳು, ಒಂದು ಕೈಯಲ್ಲಿ ಕೀಲಿ, ಹೆಗಲಲ್ಲಿ ಮಕ್ತಲ್ ಬಸ್ಸಿನ ಧೂಳು ಹಿಡಿದ ಚೀಲ, ಬಿಳಿ ಕಣ್ಣಿಗೆ ಬಿದ್ದದ್ದು ಆಮೇಲೆ, ಮೊದಲು ಏನೋ ಸರಿಯಿಲ್ಲ ಅನಿಸಿದ್ದು ಕಿವಿಗೆ, ಏನೂ ಕೇಳಿಸುತ್ತಿಲ್ಲವಲ್ಲ, ಈ ಕೋಣೆಯ ಬಾಗಿಲು ತೆಗೆದರೆ ಸಾಕು ಹಿಟ್ಟಿನ ಗಿರಣಿಯ ಹಾಗೆ ಗುಂಯ್ ಅಂತ ಎದುರಾಗುವ ಸದ್ದು ಎಲ್ಲಿ ಹೋಯಿತು, ಸರ್ವರಿನ ಫ್ಯಾನುಗಳ ಸದ್ದು, ದಿನವಿಡೀ ಅದನ್ನು ಕೇಳಿ ತಲೆನೋವು ಹಚ್ಚಿಕೊಂಡು ಮನೆಗೆ ಹೋಗಿ ಎಷ್ಟು ಸಲ ಬೈದುಕೊಂಡಿಲ್ಲ, ಈಗ ಅದು ಇಲ್ಲ, ಹಿಂದಿನ ಅಂಗಳದ ಮಗ್ಗಗಳ ಟಕಟಕವೂ ಇನ್ನೂ ಶುರುವಾಗಿಲ್ಲ, ನಿನ್ನೆ ಅಮಾವಾಸ್ಯೆ, ಅಮಾವಾಸ್ಯೆಯ ದಿನ ಶಿವಕಾಂತನ ಸೀರೆ ಅಂಗಡಿಯ ಹಿಂದಿನ ಮಗ್ಗಗಳಿಗೆಲ್ಲ ರಜೆ, ಒಂದೊಂದಕ್ಕೂ ಬಿಳಿ ಬಟ್ಟೆ ಹೊದಿಸಿ ವಿಭೂತಿ ಹಚ್ಚಿ ಹೂವಿಟ್ಟು ಸುಮ್ಮನೆ ಬಿಡುತ್ತಾರೆ, ಅದು ನಾರಾಯಣಪೇಟೆಯ ಈ ಓಣಿಯಲ್ಲಿ ಶಿವಕಾಂತನ ಅಜ್ಜನ ಕಾಲದಿಂದ ನಡೆದು ಬಂದದ್ದು, ಮಗ್ಗಕ್ಕೆ ಹೊದಿಸಲಿ, ಬೇಡ ಅಂದವರು ಯಾರು, ಆದರೆ ಇದು ಮಗ್ಗವಲ್ಲವಲ್ಲ, ಇದು ಸರ್ವರ್, ಇದಕ್ಕೆ ಯಾರು ಹೊದಿಸಿದರು, ಯಾಕೆ ಹೊದಿಸಿದರು, ಮಡಿಕೆಯ ಗೆರೆ ಕೂಡ ಮಾಸಿರದ ಹೊಸ ಬಟ್ಟೆ, ಮೇಲೆ ಒಂದು ಬಾಡಿದ ದಾಸವಾಳ, ಮುಂದೆ ನೆಲದ ಮೇಲೆ ಊದಿನಕಡ್ಡಿಯ ಬೂದಿ ಉದ್ದಕ್ಕೆ ಬಿದ್ದಿದೆ, ಬಟ್ಟೆಯ ಅಂಚು ಅಲುಗುತ್ತಿಲ್ಲ, ಒಳಗೆ ಫ್ಯಾನು ತಿರುಗುತ್ತಿದ್ದರೆ ಅಲುಗಬೇಕಿತ್ತು, ಅವಳು ಹೋಗಿ ಬಟ್ಟೆಯನ್ನು ಸರಕ್ಕನೆ ಎಳೆದಳು, ಹೂವು ಎಲ್ಲೋ ಉರುಳಿತು, ಐದೂ ಡಿಸ್ಕುಗಳ ಮುಖದ ಮೇಲೆ ಅಡ್ಡಕ್ಕೆ ಮೂರು ಬೆರಳಿನ ವಿಭೂತಿ, ಎಷ್ಟು ಒಪ್ಪವಾಗಿ ಎಳೆದಿದ್ದಾರೆ ನೋಡು, ಮೊನ್ನೆ ಸಂಜೆ ತಾನು ಹಾಕಿದ ಹೊಸ ಡಿಸ್ಕಿಗೂ ಬಿಟ್ಟಿಲ್ಲ, ಒಂದರಲ್ಲೂ ದೀಪವಿಲ್ಲ, ಹಸಿರೂ ಇಲ್ಲ ಹಳದಿಯೂ ಇಲ್ಲ, ಕಾಗದ, ಹೊಳೆ, ಅರ್ಧ ಮುಳುಗಿದ ಕಾಗದ — ಬೇಡ, ಈಗ ಅದನ್ನು ನೆನೆಯುವುದು ಬೇಡ, ಮೊದಲು ಉಸಿರು ಬಿಡು ಪದ್ಮಶ್ರೀ.

ಹೇಳಿರಲಿಲ್ಲವೇ ತಾನು, ಬಾಯಿ ಬಿಟ್ಟು ಹೇಳಿರಲಿಲ್ಲವೇ, ಆರಿಸಬ್ಯಾಡ್ರಿ ಸಾವ್ಕಾರ್ರೀ, ಇದು ಮುಗಿಯೋತನಕ ಯಾರೂ ಮುಟ್ಟಂಗಿಲ್ಲ, ನಿಮ್ಮ ಮಂದಿಗೆಲ್ಲ ಹೇಳಿಬಿಡ್ರಿ, ಮಗ್ಗ ನೋಡಕೊಳ್ಳೊ ಪೆದ್ದಯ್ಯ ಊರಾಗಿಲ್ಲ, ಕೃಷ್ಣಾ ಊರಿಗೆ ಮದುವಿಗೆ ಹೋಗ್ಯಾನ, ನಾಳೆ ಬೆಳಿಗ್ಗೆ ಮಗ್ಗದ ಪೂಜಾಕ ಬರತಾನ, ಅವಗ ಮರೀದ ಹೇಳ್ರಿ, ಅಂದಿದ್ದಳು, ಹೇಳತೀನವ್ವ ಹೇಳತೀನಿ, ಎಷ್ಟು ಫಿಕರ್ ಮಾಡತಿ, ಅಂತ ಶಿವಕಾಂತ ಫೋನಿನಿಂದ ಕಣ್ಣೆತ್ತದೆ ಅಂದಿದ್ದ, ಎದುರಿಗೆ ಸಾವ್ಕಾರ್ರೀ, ಮನಸ್ಸಿನಲ್ಲಿ ಬರೀ ಶಿವಕಾಂತ, ಅಷ್ಟೇ ಮರ್ಯಾದೆ ಅವನಿಗೆ ಸಲ್ಲುವುದು. ಹೊಸ ಡಿಸ್ಕನ್ನು ಒಳಗೆ ತಳ್ಳಿದಾಗ ಮೇಜಿನ ಖಾನೆ ಮುಚ್ಚಿದ ಹಾಗೆ ಟಕ್ ಅಂತ ಕೂತಿತು, ಇಷ್ಟಕ್ಕ ಇಷ್ಟು ಗದ್ಲ ಮಾಡಿದೇನು, ಮುಗೀತಲ್ಲ, ಅಂದ, ಮುಗಿಲಿಲ್ರಿ, ಈಗ ಶುರುವಾಗೈತಿ, ಅಂದಳು ಅವಳು, ಕೋಣನ ಮುಂದೆ ಕಿನ್ನರಿ, ಆದರೂ ಬಾರಿಸಿದಳು, ನಾಲ್ಕು ಡಿಸ್ಕುಗಳ ಮೇಲೆ ಹಂಚಿ ಬರೆದದ್ದನ್ನೆಲ್ಲ ಚೂರು ಚೂರಾಗಿ ಎತ್ತಿ ಐದರ ಮೇಲೆ ಹೊಸದಾಗಿ ಹಂಚಬೇಕು, ಮೊದಲು ತುಂಬಿದ್ದು ಮೊದಲು ಸರಿಯುತ್ತದೆ, ಆಮೇಲಿನದು ಆಮೇಲೆ, ಒಂದು ಹಗಲು ಒಂದು ರಾತ್ರಿ ಹಿಡಿದರೂ ಹಿಡಿಯಿತು, ಅದಕ್ಕೇ ಅಲ್ಲವೇ ಅಮಾವಾಸ್ಯೆಯ ರಜೆಯನ್ನು ನೋಡಿ ಇಟ್ಟುಕೊಂಡದ್ದು, ಅಂಗಡಿ ಮುಚ್ಚಿರುತ್ತದೆ, ಯಾರೂ ಬಳಸುವುದಿಲ್ಲ, ತನ್ನ ಪಾಡಿಗೆ ತಾನು ಸರಿಯುತ್ತಿರಲಿ ಅಂತ, ಎಷ್ಟು ಜಾಣತನ, ಊರಿನಲ್ಲಿ ಬೇರೆ ದಿನವೇ ಇರಲಿಲ್ಲ ನೋಡು. ಸಾಲದ್ದಕ್ಕೆ ಮಗ್ಗದ ಮನೆಯವನಿಗೆ ಮಗ್ಗದ ಮಾತಿನಲ್ಲೇ ಹೇಳಿದಳು, ಹಳೇ ಹಾಸಿನ ಉದ್ದೆಳಿ ತುದಿಗೆ ಹೊಸ ಹಾಸಿನ ಎಳಿ ಒಂದೊಂದಾಗಿ ಹೊಸೆದು ಕೆಚ್ಚುವಾಗ ಯಾರರ ಬಂದು ಮಗ್ಗ ಜಗ್ಗತಾರೇನ್ರಿ, ಕೂಸನ್ನ ಸೈತ ಆ ಕಡಿ ಬಿಡಂಗಿಲ್ಲ ನೀವು, ಇದೂ ಹಂಗ, ಅಂತ, ಅವನು ನಕ್ಕ, ನಿನ್ನ ಹೆಸರಿನಾಗ ಅವಾರ್ಡ್ ಐತಿ ನೋಡು, ಭಾಷಣ ಚಲೋ ಮಾಡತಿ, ಅಂದ, ಆ ಮಾತನ್ನು ಅವನು ಅಂಗಡಿಗೆ ಬಂದವರೆದುರಿಗೆಲ್ಲ ಹೇಳಿ ಹೇಳಿ ಹಳಸಿಹೋಗಿದೆ, ಆದರೂ ನಗುತ್ತಾನೆ.

ಜಾಗ ಯಾಕೆ ಸಾಲಲಿಲ್ಲ ಅದನ್ನು ಹೇಳಲಿ ಅವನು, ಎದೆ ಮುಟ್ಟಿಕೊಂಡು ಹೇಳಲಿ, ವರ್ಷಗಟ್ಟಲೆ ನಾರಾಯಣಪೇಟೆ ಮಕ್ತಲ್ ಗದ್ವಾಲ್ ಸುತ್ತಿ ಮನೆ ಮನೆಯ ದಡಿಗಳನ್ನು, ಸೀರೆಯಂಚಿನ ನಕ್ಷೆಗಳನ್ನು, ಸ್ಕ್ಯಾನ್ ಮಾಡಿ ತುಂಬಿದರೂ ಅರ್ಧ ಖಾಲಿ ಉಳಿದಿತ್ತು, ಆ ಅರ್ಧವನ್ನು ಗಬಗಬ ತಿಂದದ್ದು ಅವನ ವಿಡಿಯೋಗಳು, ಬಿಳಿ ಗೋಡೆಯ ಮುಂದೆ ಸೀರೆ ಉಟ್ಟ ಹುಡುಗಿಯರು ಆಚೆಯಿಂದ ಈಚೆಗೆ ಈಚೆಯಿಂದ ಆಚೆಗೆ ನಡೆಯುವುದು, ಅದನ್ನೇ ನಿಧಾನವಾಗಿ ಇನ್ನೊಮ್ಮೆ, ಮೇಲಿನಿಂದ ಇನ್ನೊಮ್ಮೆ, ಯಾರಿಗೆ ಬೇಕಾಗಿತ್ತು, ಅದಕ್ಕೆ ಹೊಸ ಡಿಸ್ಕು, ಹೊಸ ಡಿಸ್ಕಿಗೆ ಈ ಹಂಚಾಟ, ಹೋಗಲಿ ಅಂದರೆ ಎಲ್ಲದರ ಇನ್ನೊಂದು ನಕಲನ್ನು ಬೇರೊಂದು ಡ್ರೈವಿನಲ್ಲಿ ಬಟ್ಟೆ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದಳಲ್ಲ, ಮೊನ್ನೆ ಹಂಚುವ ಮುಂಚೆ ತೆಗೆಯಲು ಹೋದರೆ ಬಟ್ಟೆ ಇದೆ ಡ್ರೈವ್ ಇಲ್ಲ, ಶಿವಕಾಂತನನ್ನು ಕೇಳಿದರೆ, ಅದನ ನಾನ ಒಯ್ದಿದ್ದೆ, ಹೈದರಾಬಾದಿನ ಶೋದಾಗ ವಿಡಿಯೋ ತುಂಬಾಕ ಬೇಕಾಗಿತ್ತು, ಹಳೇದೆಲ್ಲ ಅಳಿಸೀನಿ, ಯಾಕ, ನೀನ ಹೇಳಿದ್ದೆಲ್ಲ ರೇಡ್ ಅಂತ, ನಾಕರಾಗ ಒಂದು ಸತ್ತರ ಉಳದ ಮೂರು ನೋಡಕೋತಾವಂತ, ಮತ್ತ ಇನ್ನೊಂದು ಕಾಪಿ ಯಾಕ, ಅಂದ. ಅಯ್ಯೋ ಶಿವನೇ, ಡಿಸ್ಕು ತಾನಾಗಿ ಸತ್ತರೆ ಉಳಿದವು ನೋಡಿಕೊಳ್ಳುತ್ತವೆ, ಮನುಷ್ಯರು ಮಾಡುವ ಅನಾಹುತವನ್ನು ಯಾವ ರೇಡ್ ನೋಡಿಕೊಳ್ಳುತ್ತದೆ, ಅಳಿಸಿದರೆ ನಾಲ್ಕರಿಂದಲೂ ಅಳಿಯುತ್ತದೆ, ಆರಿಸಿದರೆ ನಾಲ್ಕೂ ಆರುತ್ತವೆ, ಅವತ್ತೇ ನಿಲ್ಲಿಸಬೇಕಿತ್ತು, ಕಾಪಿ ಮಾಡಿಕೊಳ್ಳದೆ ಹೊಸ ಡಿಸ್ಕು ಹಚ್ಚಂಗಿಲ್ಲ ಅಂತ ತಾನು ಅಂದದ್ದೂ ಹೌದು, ನಾಳೆ ನಾಡಿದ್ದರಾಗ ಹೊಸ ವಿಡಿಯೋ ಬರತಾವ, ಇಡಾಕ ಜಾಗ ಇಲ್ಲಂದ್ರ ನೀ ಯಾಕಿದ್ದೀ, ಅಂದ, ಯಾಕಿದ್ದೀ ಅಂತೆ. ಆ ಕಾರ್ಡಿನ ಪುಟ್ಟ ಬ್ಯಾಟರಿಯನ್ನಾದರೂ ಬದಲಾಯಿಸಿದ್ದನೇ, ಡಿಸ್ಕುಗಳನ್ನೆಲ್ಲ ಆಳುವ ರೇಡ್ ಕಾರ್ಡು ಒಂದು ಹಿಡಿಯಷ್ಟನ್ನು ತನ್ನ ಕೈಯಲ್ಲಿಟ್ಟುಕೊಂಡು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತದೆ, ನಡುವೆ ಕರೆಂಟು ಹೋದರೆ ಆ ಹಿಡಿ ಉದುರದ ಹಾಗೆ ಕಾಯುವುದು ಆ ಬ್ಯಾಟರಿ, ಹಳೆಯದಾಗಿದೆ, ಒಂದೆರಡು ತಾಸಿಗಿಂತ ಹೆಚ್ಚು ತಡೆಯುವುದಿಲ್ಲ ಅಂತ ಹೇಳಿ ಹೇಳಿ ಅವಳ ಬಾಯಿ ಒಣಗಿತು, ಇನ್ವರ್ಟರ್ ಐತೆಲ್ಲ, ಬ್ಯಾಟರಿ ಮ್ಯಾಲ ಬ್ಯಾಟರಿ ಯಾಕ, ಅಂದ, ಎಲ್ಲದಕ್ಕೂ ಅವನ ಹತ್ತಿರ ಒಂದು ಯಾಕ ಇರುತ್ತದೆ.

ಗಂಟೆ ಎಷ್ಟಾಯಿತೋ, ಗದ್ವಾಲ್ ಬಸ್ಸು ಇಷ್ಟೊತ್ತಿಗೆ ಕೃಷ್ಣೆಯ ಸೇತುವೆ ದಾಟಿರಬೇಕು, ಅದರಲ್ಲಿ ನೇಕಾರ ನರಸಯ್ಯನ ಹೆಂಡತಿ ಪೋಚಮ್ಮ ಬರುತ್ತಿದ್ದಾಳೆ, ಜೊತೆಯಲ್ಲಿ ಸೊಸೆ ನವನೀತಾ, ಬೇರೆ ಯಾವ ದಿನವೂ ಅಲ್ಲ ಇವತ್ತೇ ಬರಬೇಕೇ, ಆದರೆ ಬರಲು ಹೇಳಿದವಳು ತಾನೇ, ಅಮಾವಾಸ್ಯೆ ದಾಟಲಿ, ಮರುದಿನ ಬಾ ಅಮ್ಮ, ದೊಡ್ಡ ಕಾಗದದ ಮೇಲೆ ಪ್ರಿಂಟ್ ತೆಗೆದು ಕೊಡತೀನಿ, ಅಂದಿದ್ದಳು, ನವನೀತಾ ಮಗ್ಗದ ಮೇಲೆ ಹಾಸು ಏರಿಸಿ ಕೂತಿದ್ದಾಳೆ, ಮಾವನ ಹಂಸದ ದಡಿಯನ್ನು ಮತ್ತೆ ನೇಯುತ್ತಾಳಂತೆ. ನರಸಯ್ಯನ ಹಂಸದ ದಡಿ, ಗದ್ವಾಲಿನ ಕೋಟೆಯ ಹಿಂದಿನ ಓಣಿಯಲ್ಲಿ ಕೂತು ಆ ಮನುಷ್ಯ ಚೌಕಳಿ ಕಾಗದದ ಮೇಲೆ ಪೆನ್ಸಿಲಿನಿಂದ ಒಂದೊಂದೇ ಚೌಕ ತುಂಬಿ ಬರೆದದ್ದು, ಸಾಲಾಗಿ ಹಂಸಗಳು, ಎಲ್ಲ ಮುಂದೆ ನೋಡಿಕೊಂಡು ನಡೆಯುತ್ತವೆ, ನಡುನಡುವೆ ಒಂದು ಮಾತ್ರ ಕೊರಳು ತಿರುಗಿಸಿ ಹಿಂದೆ ನೋಡುತ್ತದೆ, ಅದು ಯಾಕ ಹಿಂದ ನೋಡತೈತಿ ಅಂತ ಅವಳು ಕೇಳಿದ್ದಕ್ಕೆ ಕೆಮ್ಮುತ್ತಲೇ ನಕ್ಕಿದ್ದ, ಎಲ್ಲಾರೂ ಮುಂದ ಹೋದ್ರ ಹಿಂದ ಉಳದವರನ್ನ ನೋಡಾವರು ಯಾರವ್ವ, ಅಂದಿದ್ದ, ಆಗಲೇ ಕೃಶನಾಗಿದ್ದ, ಆ ಕಾಗದಗಳನ್ನು ತಂದು ಸ್ಕ್ಯಾನ್ ಮಾಡಿ ಹಿಂದಕ್ಕೆ ಕೊಟ್ಟು ಬಂದಿದ್ದಳು, ಈ ಸರ್ವರಿಗೆ ವಿಡಿಯೋಗಳು ಬರುವ ಎಷ್ಟೋ ಮುಂಚೆ ತುಂಬಿದವುಗಳಲ್ಲಿ ಅವು ಸೇರಿವೆ, ಆಮೇಲೆ ನರಸಯ್ಯ ಹೋದ. ಸುದ್ದಿ ತಿಳಿದು ಮಾತಾಡಿಸಲು ಹೋದಾಗ ಪೋಚಮ್ಮ ಹೇಳಿದ್ದು, ಮಗಳೇ ಅನ್ನಲು ತನ್ನ ತೆಲುಗಿನ ಬಿಡ್ಡಾ ಅನ್ನುತ್ತ ಎಷ್ಟು ಸಮಾಧಾನದಿಂದ ಹೇಳಿದಳು, ಅಲಂಪುರದಾಗ ಹೊಳಿಗೆ ಅವನ ಬೂದಿ ಬಿಟ್ಟೆ ಬಿಡ್ಡಾ, ಅದರ ಸಂಗಾಟ ಅವನ ಕಾಗದಾನೂ ಬಿಟ್ಟೆ, ಅವನ ಕೈಕೆಲಸ ಅವನ ಸಂಗಾಟ ಹೋಗಲಿ, ನಿನ್ನ ಮಿಷಿನಿನಾಗ ಐತೆಲ್ಲ, ಮತ್ತ ನನಗ ಯಾಕ, ಇಲಿ ತಿನ್ನಾಕ, ಬೂದಿ ಲಗೂನ ಹೋತು, ಕಾಗದ ಹೋಗಲಿಲ್ಲ ಬಿಡ್ಡಾ, ಒಂದು ಕಾಗದ ಅರ್ಧ ಮುಣಗಿ ಅರ್ಧ ಮ್ಯಾಲ ನಿಂತಿತ್ತು, ಹಂಸದ ಕೊರಳಷ್ಟ ಕಾಣತಿದ್ದವು, ನೀರಾಗ ಈಜಿದಂಗ, ಆಮ್ಯಾಲ ಅದೂ ಹೋತು. ಪದ್ಮಶ್ರೀಗೆ ಆಗಲೇ ಹೊಳೆದಿತ್ತು, ಆ ಕಾಗದ ಹೋದರೆ ಇನ್ನೇನೂ ಉಳಿದಿಲ್ಲ, ಮಗ್ಗದ ಮೇಲೆ ದಡಿಯ ನಕ್ಷೆ ಎಬ್ಬಿಸುವ ತೂತಿನ ರಟ್ಟುಗಳನ್ನು ಇಲಿ ಎಂದೋ ಮುಗಿಸಿತ್ತು, ನೇಯ್ದ ಸೀರೆ ನೇಕಾರನ ಮನೆಯಲ್ಲಿ ಉಳಿಯುವುದುಂಟೇ, ಉಟ್ಟವರು ಯಾವ ಊರಿನವರೋ, ಆದರೂ ಬಾಯಲ್ಲಿ ಬಂದದ್ದು, ಇರಲಿ ಬಿಡಮ್ಮ, ನನ್ನ ಹತ್ರ ಗಟ್ಟಿ ಐತಿ, ಅಂತ, ಪೋಚಮ್ಮ ಅವಳ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡು, ನಿನ್ನ ಜಿಮ್ಮಾ ಬಿಡ್ಡಾ, ನೀನ ಕಾಯಬೇಕು, ಅಂದಳು, ಆ ಕೈಯ ಬೆರಳುಗಳು ಎಳೆ ಕೆಚ್ಚಿ ಕೆಚ್ಚಿ ಸವೆದು ನುಣ್ಣಗಾಗಿದ್ದವು.

ಬಂದ್ಯಾ ತಾಯಿ, ಅಂತ ಹಿಂದಿನಿಂದ ದನಿ, ಪೆದ್ದಯ್ಯ, ಮಗ್ಗದ ಕೊಟ್ಟಿಗೆಯ ಹಿರಿಯ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಎರಡು ಚಹಾ, ಒಂದು ಅವಳಿಗೆ, ಯಾವಾಗಲೂ ಒಂದು ಅವಳಿಗೆ, ಬಟ್ಟಿ ತಗದಿಯಾ, ಛಲೋ ಆತು, ನಾನ ತಗೀಬೇಕಂತ ಬಂದೆ, ಈ ಸಲ ನಿನ್ನ ಮಗ್ಗಕ್ಕೂ ಹೊದಸೀನಿ ನೋಡು, ಹೊಸಾ ಬಟ್ಟಿ, ಮಗಳು ತಂದುಕೊಟ್ಟದ್ದು ಇಟ್ಟಿದ್ದೆ, ಅಂದ. ಅವಳು ತಿರುಗಿದಳು, ಬೈಯಲೆಂದೇ ತಿರುಗಿದಳು, ಯಾರು ಆರಿಸಂದ್ರು ಪೆದ್ದಯ್ಯ, ಅಷ್ಟೇ ಬಂತು, ಯಾರೂ ಅನಲಿಲ್ಲ ತಾಯಿ, ನಾನ ಆರಿಸಿದೆ, ಇನ್ನೊಂದು ಕೀಲಿ ನನ್ನ ಹತ್ರ ಐತೆಲ್ಲ, ಹೋದ ಅಮಾಸಿಗೆ ನೋಡಿದ್ದೆ, ಎಲ್ಲಾ ಮಗ್ಗ ಮಲಗ್ಯಾವ, ಇದೊಂದ ಗುಂಯ್ ಅಂತ ದುಡ್ಯಾಕ ಹತ್ತೇತಿ, ಪಾಪ ಅನಿಸ್ತು, ಎತ್ತಿಗೂ ಒಂದು ದಿನ ನೊಗ ಇಳಸತೀವಿ, ನೀನ ಒಮ್ಮೆ ಹೇಳಿದ್ದೆಲ್ಲ, ನಮ್ಮ ದಡಿ ಎಲ್ಲಾ ಇದರಾಗ ಅದಾವ ಅಂತ, ಮತ್ತ ಇದು ಮಗ್ಗ ಅಲ್ಲೇನು, ಎಲ್ಲಾ ಮಗ್ಗಕ್ಕೂ ದೊಡ್ಡದು, ಮೇನ್ ಇಳಿಸಿದೆ, ಆ ಇನ್ವರ್ಟರಿನ ಸಣ್ಣ ಡಬ್ಬಿ ಚೀಂ ಚೀಂ ಅಂತ ಅಳಾಕ ಹತ್ತಿತು, ಕೂಸು ಅತ್ತಂಗ, ಗುಂಡಿ ಒತ್ತಿ ಹಿಡದೆ, ಸುಮ್ಮನಾತು, ಅಂದ, ಸಾವ್ಕಾರ ಏನೂ ಹೇಳಲಿಲ್ಲೇನು ನಿನಗ, ಅಂದಳು, ನಿನ್ನೆ ಬೆಳಿಗ್ಗೆ ಫೋನ್ ಮಾಡಿದ್ದ, ಪೂಜಿ ಮರೀಬ್ಯಾಡ ಅಂದ, ಮತ್ತೇನೂ ಅನಲಿಲ್ಲ. ಪೂಜೆ ಮರೆಯಬೇಡ, ಅದು ನೆನಪಿತ್ತು ಅವನಿಗೆ, ಫೋನು ಮಾಡಿದ್ದಾನೆ, ಮಾತಾಡಿದ್ದಾನೆ, ಒಂದೇ ಒಂದು ಮಾತು, ಸರ್ವರ್ ಮುಟ್ಟಬೇಡ ಅಂತ ಒಂದು ಮಾತು, ಅದನ್ನು ಆಡುವುದಕ್ಕೆ ಅವನ ನಾಲಿಗೆ ಸವೆಯುತ್ತಿತ್ತೇ, ನಿನ್ನೆ ಮಧ್ಯಾಹ್ನ ತಾನು ಮಕ್ತಲ್‌ನಲ್ಲಿ ಹೋಳಿಗೆ ತಿನ್ನುತ್ತ ಫೋನಿನಲ್ಲಿ ಸರ್ವರ್ ನೋಡಲು ಹೋದಾಗ ಸಿಗಲಿಲ್ಲ, ಅವನಿಗೆ ಕೇಳಿದರೆ ನೆಟ್ ಹೋಗಿರಬೇಕು, ಹಬ್ಬ ಮಾಡು ಸುಮ್ಮನ, ಅಂದಿದ್ದ. ಪೆದ್ದಯ್ಯ ಚಹಾ ಚಾಚಿಕೊಂಡು ನಿಂತಿದ್ದಾನೆ, ಮುಖ ಸಣ್ಣಗಾಗುತ್ತಿದೆ, ಏನರ ತಪ್ಪಾತೇನು ತಾಯಿ, ಈ ಮನುಷ್ಯನನ್ನು ಹೇಗೆ ಬೈಯುವುದು, ಶಿವಕಾಂತನಿಗೆ ಈ ಸರ್ವರ್ ಬರೀ ಡಬ್ಬಿ, ಅಂಗಡಿಯ ಮಂದಿಗೆ ಪದ್ಮಶ್ರೀ ಅಕ್ಕನ ಡಬ್ಬಿ, ಇಷ್ಟು ವರ್ಷಗಳಲ್ಲಿ ಇದನ್ನು ಮಗ್ಗವೆಂದು ಒಪ್ಪಿ ಹೊಸ ಬಟ್ಟೆ ಹೊದಿಸಿದವನು ಇವನೊಬ್ಬನೇ, ಇವನೇ ಆರಿಸಬೇಕೇ, ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಳ್ಳುವವಳಲ್ಲ ತಾನು, ಅವಳು ಚಹಾ ಇಸಿದುಕೊಂಡಳು, ಕೂಡು ಪೆದ್ದಯ್ಯ, ನೋಡೋಣ, ಅಂದಳು.

ಮೇನ್ ಏರಿಸಿದಳು, ಡಬ್ಬಿ ಚೀಂ ಅಂದಿತು, ಸರ್ವರಿನ ಗುಂಡಿ ಒತ್ತಿದಳು, ಫ್ಯಾನುಗಳು ಒಮ್ಮೆಲೇ ಹುಚ್ಚು ಹಿಡಿದ ಹಾಗೆ ಕೂಗಿ ಆಮೇಲೆ ತಗ್ಗಿದವು, ಡಿಸ್ಕುಗಳ ದೀಪ ವಿಭೂತಿಯ ಹಿಂದಿನಿಂದ ಮಸುಕಾಗಿ ಹತ್ತಿದವು, ಒಂದು, ಎರಡು, ಎಲ್ಲ ಹಸಿರು, ಹಸಿರಾದರೆ ಡಿಸ್ಕು ಬದುಕಿದೆ ಅಂತ ಅಷ್ಟೇ, ಒಳಗೆ ಇದ್ದದ್ದು ಇದೆಯೇ ಅಂತ ಅಲ್ಲ, ಪರದೆಯ ಮೇಲೆ ರೇಡ್ ಕಾರ್ಡಿನ ಸಾಲುಗಳು ಬರುತ್ತಿವೆ, ಎಷ್ಟು ನಿಧಾನ, ಫೋನು ಗುರ್ ಅಂದಿತು, ಶಿವಕಾಂತ, ಹೈದರಾಬಾದಿನಿಂದ, ಎತ್ತಬಾರದು ಅಂದುಕೊಂಡು ಎತ್ತಿದಳು, ಏನವ್ವ, ಜಾಗ ಆತೇನು, ವಿಡಿಯೋ ಕಳಸಲೇನು, ಅಂದ, ಆರಿಸಿಬಿಟ್ಟಾರ್ರಿ, ನೀವು ಪೆದ್ದಯ್ಯಗ ಹೇಳಲಿಲ್ಲ, ಅಂದಳು, ಅರೆ, ನಾ ಏನ ಹೇಳಬೇಕು, ಅವಗ ಗೊತ್ತಾಗಬಾರದೇನು, ಇಷ್ಟು ವರ್ಷ ಕೆಲಸ ಮಾಡ್ಯಾನ, ಅವನ್ನ ಮನಿಗೆ ಕಳಸತೀನಿ ತಡಿ, ವಯಸ್ಸಾತು, ಎಲ್ಲಾದಕ್ಕೂ ಕೈ ಹಾಕತಾನ, ಅಂದ, ಪೆದ್ದಯ್ಯ ಅಲ್ಲೇ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುವುದನ್ನು ನಿಲ್ಲಿಸಿದ್ದಾನೆ, ಫೋನಿನ ದನಿ ಅವನಿಗೂ ಕೇಳಿಸುತ್ತಿದೆ. ಅವನ ಹೆಸರು ಎತ್ತಬ್ಯಾಡ್ರಿ, ಅವಗ ಹೇಳೋದು ನಿಮ್ಮ ಜಿಮ್ಮಾ ಇತ್ತು, ಹೇಳತೀನಿ ಅಂದವರು ನೀವು, ಕಾಪಿ ಅಳಿಸಿದವರು ನೀವು, ಬ್ಯಾಟರಿ ಬ್ಯಾಡಂದವರು ನೀವು, ಅಂದಳು, ಅಂದೇಬಿಟ್ಟಳು, ಆ ಕಡೆಯಿಂದ ನಗೆ, ಹೋಗಲಿ ಬಿಡವ್ವ, ಹಳೇ ದಡಿ ಹೋದ್ರ ಏನಾತು, ಈಗ ಎಐ ಐತೆಲ್ಲ, ಹಂಸ ಬರದು ಕೊಡು ಅಂದ್ರ ನಿಮಿಷದಾಗ ನೂರು ಹಂಸ ಕೊಡತೈತಿ, ಗಿರಾಕಿಗೆ ಯಾವ ಹಂಸ ಆದ್ರೇನು, ನಿನಗ ಸಿಟ್ಟು ಜಾಸ್ತಿ, ಇಲ್ಲಿ ಗದ್ಲ ಐತಿ, ಕೇಳಸವಲ್ದು, ಆಮ್ಯಾಲ ಮಾತಾಡೋಣ, ಕಟ್ಟಾಯಿತು. ಯಾವ ಹಂಸ ಆದರೇನು, ಯಾವ ಹಂಸ ಆದರೇನು, ಹಾಗಾದರೆ ಯಾವ ಶಿವಕಾಂತ ಆದರೇನು, ನಿನ್ನನ್ನೂ ಒಂದು ನೂರು ಮಾಡಿಸಿ ಸಾಲಾಗಿ ನಿಲ್ಲಿಸಿದರೆ ಆಯಿತು, ಅದರಲ್ಲಿ ಒಬ್ಬನಾದರೂ ಹಿಂದೆ ತಿರುಗಿ ನೋಡುವವನು ಸಿಗುತ್ತಾನೆಯೇ, ಸಿಗುವುದಿಲ್ಲ. ಪರದೆ ನಿಂತಿದೆ, ಇಂಗ್ಲಿಷಿನ ಸಾಲು, ಓದಿದಳು, ಇನ್ನೊಮ್ಮೆ ಓದಿದಳು, ಬ್ಯಾಟರಿ ಪೂರ್ತಿ ಇಳಿದಿತ್ತು, ಕಾರ್ಡು ಸುಧಾರಿಸಿಕೊಂಡಿದೆ, ಆದರೆ ಅದು ಕೈಯಲ್ಲಿ ಹಿಡಿದಿದ್ದು ಕಳೆದುಹೋಗಿದೆ, ಮುಂದುವರಿಯಲು ಯಾವುದಾದರೂ ಕೀಲಿ ಒತ್ತಿ. ಅವಳು ಒತ್ತಿದಳು.

ಎಲ್ಲ ಹೋಗಿರುತ್ತದೆ ಅಂದುಕೊಂಡಿದ್ದಳು, ಪೂರಾ ಖಾಲಿ ಪರದೆಗೆ ಎದೆ ಗಟ್ಟಿ ಮಾಡಿಕೊಂಡು ಕೂತಿದ್ದಳು, ಹೋಗಿಲ್ಲ, ಹಂಚಾಟ ನಿಂತಲ್ಲಿಂದ ಮತ್ತೆ ಶುರುವಾಗಿದೆ, ದೀಪಗಳು ಮಿಣಮಿಣ ಅನ್ನುತ್ತಿವೆ, ಕಡತಗಳು ಒಂದೊಂದಾಗಿ ಬಂದವು, ನಾರಾಯಣಪೇಟೆ, ಮಕ್ತಲ್, ಗದ್ವಾಲ್, ಎಲ್ಲ ಹೆಸರುಗಳೂ ಇವೆ, ಇದಾವ ಪೆದ್ದಯ್ಯ, ಇದಾವ, ಅಂದಳು, ಅಳು ಬಂದೇಬಿಟ್ಟಿತು, ಪೆದ್ದಯ್ಯ ಎರಡೂ ಕೈಯೆತ್ತಿ ಸರ್ವರಿಗೆ ಮುಗಿದ, ನಾ ಹೇಳಲಿಲ್ಲೇನು, ಮಲಗಿ ಎದ್ದೈತಿ ಅಷ್ಟ, ಅಂದ. ಯಾವುದನ್ನಾದರೂ ತೆರೆದು ನೋಡೋಣ ಅಂತ ಕೈಗೆ ಸಿಕ್ಕಿದ್ದು ಶಿವಕಾಂತನ ವಿಡಿಯೋ, ಓಡಿತು, ಬಿ‌ಳಿ ಗೋಡೆ, ಹುಡುಗಿ, ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ, ಒಂದು ಕಡೆಯೂ ತಡವರಿಸದೆ ಕೊನೆಯತನಕ ಓಡಿತು, ಹೊಸದು, ಕೊನೆಗೆ ತುಂಬಿದ್ದು, ಹಂಚಾಟ ಅಲ್ಲಿಗೆ ಇನ್ನೂ ಮುಟ್ಟಿಯೇ ಇಲ್ಲ — ಮತ್ತೆ ಎಲ್ಲಿ ನಡೆದಿತ್ತು, ಪೆದ್ದಯ್ಯ ಗುಂಡಿ ಒತ್ತಿದಾಗ ಕಾರ್ಡಿನ ಕೈಯಲ್ಲಿ ಇದ್ದದ್ದು ಯಾವುದು, ಮೊದಲು ತುಂಬಿದ್ದು ಮೊದಲು ಸರಿಯುತ್ತದೆ, ತಾನೇ ಹೇಳಿದ್ದು, ಗದ್ವಾಲ್, ಒಳಗೆ ನರಸಯ್ಯ, ಒಳಗೆ ಹಂಸದ ದಡಿ, ಹೆಸರು ಇದೆ, ಒತ್ತಿದಳು, ತೆರೆಯುತ್ತಿದೆ, ಮೇಲಿನಿಂದ ಇಳಿಯುತ್ತಿದೆ, ಚೌಕಳಿ ಗೆರೆಗಳು, ಪೆನ್ಸಿಲಿನ ಕಪ್ಪು ಚೌಕಗಳು, ಕೊಕ್ಕು, ಕಣ್ಣು, ಕೊರಳು, ಅಲ್ಲಿ ನಿಂತಿತು, ಕೊರಳಿನ ಕೆಳಗೆ ಬೂದು, ಬರೀ ಬೂದು, ಈ ತುದಿಯಿಂದ ಆ ತುದಿಗೆ ಸಮನಾಗಿ, ಮುಚ್ಚಿ ಮತ್ತೆ ತೆರೆದಳು, ಅದೇ, ಅದರ ಪಕ್ಕದ್ದು, ಅದೂ ಅಷ್ಟೇ, ಆ ಕಡತದಲ್ಲಿದ್ದವೆಲ್ಲ ಅರ್ಧ, ಮೇಲೆ ನರಸಯ್ಯ, ಕೆಳಗೆ ಬೂದು, ನೂರಾರು ಕಡತಗಳಲ್ಲಿ ಇದೇ ಆಗಬೇಕೇ, ವಿಡಿಯೋ ಪೂರಾ, ಹುಡುಗಿಯ ಹೆಜ್ಜೆಯೂ ತಪ್ಪಿಲ್ಲ, ಇದು ಮಾತ್ರ ಅರ್ಧ, ಇದು ಯಾವ ನ್ಯಾಯ, ಯಾರನ್ನು ಕೇಳಬೇಕು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು, ಬ್ಯಾಟರಿ ತರಿಸಿದರೆ ಈಗ ಏನು ಬಂತು, ಆ ಬೂದಿನ ಹಿಂದೆ ಏನಾದರೂ ಇದ್ದೀತೇ ಅಂತ ಬೆಳಕು ಹೆಚ್ಚಿಸಿದಳು, ಬೂದು ತಿಳಿಯಾಯಿತು ಅಷ್ಟೇ.

ಏಮ್ ಬಿಡ್ಡಾ, ಬಂದೀವಿ, ಅಂತ ಬಾಗಿಲಲ್ಲಿ ಪೋಚಮ್ಮನ ದನಿ, ಚಪ್ಪಲಿಯನ್ನು ಹೊರಗೆ ಬಿಟ್ಟು, ಮಗ್ಗದ ಮನೆಗೆ ಬಂದವಳ ಹಾಗೆ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು, ಹಿಂದೆ ನವನೀತಾ, ಕಂಕುಳಲ್ಲಿ ಕಾಗದ ಸುತ್ತಲು ತಂದ ಹೊಸ ಪ್ಲಾಸ್ಟಿಕ್ ಕೊಳವೆ, ಪರದೆಯನ್ನು ಮುಚ್ಚಬೇಕು, ಈಗಲೇ ಮುಚ್ಚಬೇಕು, ಕರೆಂಟಿಲ್ಲ ನಾಳೆ ಬಾ ಅಮ್ಮ ಅನ್ನಬೇಕು, ಕೈ ಮೌಸಿನ ಮೇಲೆಯೇ ಇದೆ, ಅಲುಗುವುದಿಲ್ಲ, ನನ್ನ ಹತ್ತಿರ ಗಟ್ಟಿ ಇದೆ ಅಂದ ಬಾಯಿ ಸುಳ್ಳು ಹೇಳಲಾರದು, ಪೆದ್ದಯ್ಯ ಸ್ಟೂಲಿನಿಂದ ಎದ್ದು ಗೋಡೆಗೆ ಸರಿದ, ಪೋಚಮ್ಮ ಆ ಸ್ಟೂಲನ್ನೇ ಎಳೆದುಕೊಂಡು ಕೂತಳು, ಕಣ್ಣು ಕಿರಿದು ಮಾಡಿ ಮುಖವನ್ನು ಪರದೆಯ ಹತ್ತಿರಕ್ಕೆ ತಂದಳು, ಇವು, ಇವೇ ಬಿಡ್ಡಾ, ನೋಡು ನವನೀತಾ, ನಿನ್ನ ಮಾವ ಬರದದ್ದು, ಈ ಕೊರಳು ನೋಡು, ಯಾರಿಗೆ ಬರತೈತಿ ಹಿಂಗ ಬಾಗಸಾಕ, ಸವೆದ ಬೆರಳು ಗಾಜಿನ ಮೇಲೆ ಒಂದು ಹಂಸದ ಕೊಕ್ಕಿನಿಂದ ಕಣ್ಣಿಗೆ, ಕಣ್ಣಿನಿಂದ ಕೊರಳಿಗೆ ಇಳಿಯಿತು, ಬೂದು ಶುರುವಾಗುವಲ್ಲಿ ನಿಂತಿತು, ಕಾಲೆಲ್ಲಿ ಅದಾವ ಬಿಡ್ಡಾ, ಅಂದಳು, ಕೆಳಗ ಇರಬೇಕು, ಎಳಿ, ಕಾಲು ಇಲ್ಲಂದ್ರ ಹೆಂಗ ನೇಯತಾಳ ಇಕಿ, ಎಳಿ ಕೆಳಗ, ಪದ್ಮಶ್ರೀ ಎಳೆದಳು, ಬೂದು, ಇನ್ನಷ್ಟು ಎಳೆದಳು, ಬೂದು, ಇನ್ನಷ್ಟು, ಮತ್ತೆ ಮೇಲಕ್ಕೆ ಬಂದಳು, ಬೂದು ನೀರಿನ ಮೇಲೆ ಸಾಲಾಗಿ ಕೊರಳುಗಳು, ಎಲ್ಲ ಮುಂದೆ ನೋಡುತ್ತಿವೆ, ಒಂದು ಮಾತ್ರ ತಿರುಗಿ ನೋಡುತ್ತಿದೆ, ತಿರುಗಿ ನೋಡುತ್ತಿದೆ